ಹಚ್ಚಿ ಸೂಜಿ, ಕುಕ್ಕರಿನ ಉಗಿ

ಹೋದ ಸಲ ಉಪ್ಪಿನಕಾಯಿ ಭರಣಿ ಬಗ್ಗೆ ಬರದಿದ್ದೆ, ಭಾಳ ಮಂದಿ ಓದಿ ಫೋನ್ ಮಾಡಿದ್ರಿ. ಈ ಸಲ ಸೂಜಿ ಬಗ್ಗೆ ಬರೀತೇನಿ. ಕೌದಿ ಹೊಲಿಯೂ ಸೂಜಿ ಅಲ್ಲರಿ, ಹಚ್ಚಿ ಹಾಕೂ ಸೂಜಿ. ಈಗಿನ ಹುಡುಗ್ಯಾರು ಅದಕ್ಕ ಟ್ಯಾಟೂ ಅಂತಾರ.

ನಮ್ಮ ಬಳಗದಾಗ ಈಗ ಮನಿಗೊಂದು ಟ್ಯಾಟೂ ಜಗಳ ನಡದೈತಿ. ಮಗಳು ಹಾಕಿಸ್ಕೋತೇನಿ ಅಂತಾಳ, ಅವ್ವ ಬ್ಯಾಡ ಅಂತಾಳ, ಅಪ್ಪ ಪೇಪರ್ ಅಡ್ಡ ಹಿಡಕೊಂಡು ಸುಮ್ನ ಕೂಡ್ತಾನ. ಗಂಡಿನ ಕಡೆಯವರು ಏನಂದಾರು, ನೌಕರಿ ಸಿಗತೈತೋ ಇಲ್ಲೋ, ಮುದುಕಿ ಆದಮ್ಯಾಲ ಹೆಂಗ ಕಾಣತೈತಿ ಅಂತ ಊರ ಮಾತೆಲ್ಲಾ ಬರತಾವ. ಆದ್ರ ಕೇಳಬೇಕಾದ ಮಾತು ಒಂದ ಐತಿ: ಆ ಸೂಜಿ ನನಗಿಂತ ಮೊದ್ಲ ಯಾರ ಮೈಯಾಗ ಹೊಕ್ಕು ಬಂದೈತಿ? ಈ ಪ್ರಶ್ನಿಗೆ ಒಂದು ದೊಡ್ಡ ಇತಿಹಾಸ ಐತಿ. ಅದರಾಗ ನಮ್ಮ ಅಡಗಿಮನಿ ಕುಕ್ಕರೂ ಬರತೈತಿ, ನ್ಯೂಯಾರ್ಕಿನ ಒಂದು ಕಾಯ್ದೆನೂ ಬರತೈತಿ, ನಮ್ಮಜ್ಜಿ ಮುಂಗೈನೂ ಬರತೈತಿ.

ಮೊದ್ಲ ನಮ್ಮ ಕಡಿದು ಹೇಳ್ತೇನಿ. ಹಚ್ಚಿ ಅನ್ರಿ, ಹಣಚಿಬೊಟ್ಟು ಅನ್ರಿ, ನಮ್ಮ ಅಜ್ಜಿಯಾರ ಕಾಲದಾಗ ಅದು ಇರಲಾರದ ಕೈ ಕಾಣೂದ ಅಪರೂಪ. ಮುಂಗೈ ಮ್ಯಾಲ ತುಳಸಿ ಕಟ್ಟಿ, ಚೇಳು, ತೊಟ್ಟಿಲ, ಹಣಿ ಮ್ಯಾಲ ಒಂದು ಚುಕ್ಕಿ, ಗದ್ದದ ಮ್ಯಾಲ ಇನ್ನೊಂದು ಚುಕ್ಕಿ. ಬಂಗಾರ ಕಳ್ಳರು ಒಯ್ತಾರ, ಸೀರಿ ಹರೀತೈತಿ, ಸತ್ತ ಮ್ಯಾಲೂ ಜೋಡಿ ಬರೂದು ಹಚ್ಚಿ ಒಂದ ಅಂತ ಅವ್ರ ನಂಬಿಕಿ. ಹಾಕಾಕ ಬರ್ತಿದ್ದಾಕಿ ಕೊರವಂಜಿ. ತಲಿ ಮ್ಯಾಲ ಬುಟ್ಟಿ, ಬಗಲಾಗ ಕೂಸು. ಸುಗ್ಗಿ ಮುಗದ ಮ್ಯಾಲ ಊರಿಗೆ ಬಂದ್ರ ಓಣಿ ಹುಡುಗ್ಯಾರನ್ನೆಲ್ಲಾ ಕಟ್ಟಿ ಮ್ಯಾಲ ಕೂಡಿಸಿ ಹಾಕ್ತಿದ್ಲಂತ. ನೋವು ಮರೀಲಿ ಅಂತ ಹಾಡೂ ಹೇಳ್ತಿದ್ಲು. ಒಂದು ಮರ ಜ್ವಾಳ, ಒಂದು ಹಳೇ ಸೀರಿ ಕೊಟ್ರ ಅದ ಅಕಿ ಪಗಾರ.

ಬಣ್ಣ ಮಾಡೂ ರೀತಿ ನಮ್ಮಜ್ಜಿ ಬಾಯಿಲೆ ಕೇಳಿದ್ದು ಹೇಳ್ತೇನಿ. ದೀಪದ ಕಾಡಿಗಿ, ಗರಗದ ಸೊಪ್ಪಿನ ರಸ, ಮನ್ಯಾಗ ಬಾಣಂತಿ ಇದ್ರ ಎರಡು ಹನಿ ಎದಿಹಾಲು. ತೆಂಗಿನ ಚಿಪ್ಪಿನ್ಯಾಗ ಕಲಸಿ, ಮೂರ್ನಾಕು ಸೂಜಿ ಕೂಡಿಸಿ ದಾರದಿಂದ ಬಿಗಿದು, ಅದ್ದಿ ಅದ್ದಿ ಚುಚ್ಚೂದು. ಆಮ್ಯಾಲ ಅರಿಷಿಣ, ಔಡಲೆಣ್ಣಿ. ಎಂಟು ದಿನ ಕೈ ಬಾತು ಕುಂತಿರ್ತಿತ್ತಂತ. ಕೆಲವೊಬ್ಬಾಕಿ ಸೂಜಿ ಮೊನಿ ದೀಪಕ್ಕ ಹಿಡದು ಚುಚ್ಚತಿದ್ಲು, ಕೆಲವೊಬ್ಬಾಕಿ ಸೀರಿ ಸೆರಗಿಗೆ ಒರಸಿ ಚುಚ್ಚತಿದ್ಲು.

ಈಗ ಒಂದು ಮಾತು ಬಿಚ್ಚಿ ಹೇಳಬೇಕು. ಆ ಹೆಣ್ಮಗಳನ್ನ ನಮ್ಮ ಮಂದಿ ಮನಿ ಒಳಗ ಬಿಡ್ತಿದ್ದಿಲ್ಲ. ನೀರು ಕೇಳಿದ್ರ ಮ್ಯಾಲಿಂದ ಬೊಗಸಿಗೆ ಸುರೂತಿದ್ರು. ಅಕಿ ಮುಟ್ಟಿದ್ದಕ್ಕ ಮೈಲಗಿ ಅಂತ ಹುಡುಗ್ಯಾರನ್ನ ಸ್ನಾನ ಮಾಡಿಸಿ ಒಳಗ ಕರಕೊಂಡವರೂ ಇದ್ರು. ಆದ್ರ ಅದ ಸೂಜಿ ಕಟ್ಟು, ಅದ ಚಿಪ್ಪಿನ ಬಣ್ಣ, ಮೊದ್ಲನೇ ಹುಡುಗಿ ರಕ್ತ ಹತ್ತಿದ್ದು ಹನ್ನೊಂದನೇ ಹುಡುಗಿ ಕೈಯಾಗ ಹೋಗತೈತಿ ಅಂತ ಯಾರಿಗೂ ತಿಳೀಲಿಲ್ಲ. ಮೈಲಗಿ ಅಂತ ದೂರ ಇಟ್ಟಿದ್ದು ಮನಿಷ್ಯಾಳನ್ನ, ಒಳಗ ಬಿಟ್ಟಿದ್ದು ಸೂಜಿನ್ನ. ಸ್ವಚ್ಛ ಅನ್ನೂ ಮಾತಿಗೆ ನಾವು ಕೊಟ್ಟ ಅರ್ಥನ ಬ್ಯಾರೆ ಇತ್ತು.

ಇದು ನಮ್ಮೊಬ್ಬರದ ಕತಿ ಅಲ್ಲ ಮತ್ತ. ಸೂಟು ಬೂಟು ಹಾಕೂ ದೇಶದಾಗೂ ಹಿಂಗ ಇತ್ತು. 1853ರಾಗ ಫ್ರಾನ್ಸಿನ ಹ್ಯೂಟಿನ್ ಅನ್ನೂ ಡಾಕ್ಟರು ಒಬ್ಬ ಸೈನಿಕನ ಬಗ್ಗೆ ಬರದ್ರು. ಅವಂಗ ಜೊತಿಗಾರನೊಬ್ಬ ಹಚ್ಚಿ ಹಾಕಿದ್ದ. ಬಣ್ಣ ಒಣಗಿತ್ತಂತ ಹಾಕಾಂವ ತನ್ನ ಬಾಯಾಗಿನ ಉಗುಳಿನಿಂದ ಅದನ್ನ ಹಸಿ ಮಾಡಿಕೊಂಡಿದ್ದ. ಹಾಕಿದಂವನ ಬಾಯಾಗ ಸಿಫಿಲಿಸ್ ಹುಣ್ಣಿತ್ತು. ಹಾಕಿಸ್ಕೊಂಡಂವಗ ಅದ ರೋಗ ತೋಳಿನಿಂದ ಮೈಗೆ ಏರಿತು. 1878ರಾಗ ಅಮೆರಿಕಾದ ಫಿಲಡೆಲ್ಫಿಯಾದಾಗೂ ಹಿಂಗ ಒಬ್ಬ ಹಚ್ಚಿಗಾರನಿಂದ ಸಾಲಾಗಿ ಮಂದಿಗೆ ಆ ರೋಗ ಬಂದಿದ್ದನ್ನ ಮೌರಿ ಮತ್ತ ಡಲ್ಲಸ್ ಅನ್ನೂ ಇಬ್ಬರು ಡಾಕ್ಟರು ಬರದಿಟ್ಟಾರ. ಅಂವನೂ ಸೂಜಿ ಬಾಯಾಗ ಹಾಕಿ ಹಸಿ ಮಾಡ್ತಿದ್ದ.

ನಮಗ ಹೆಣ್ಮಕ್ಕಳಿಗೆ ಇದು ಒಂದ ಮಾತಿನಾಗ ತಿಳೀತೈತಿ: ಎಂಜಲ. ಬಾಯಿಗಿಟ್ಟ ಚಮಚ ತಿರುಗಿ ಭರಣಿಗೆ ಹಾಕಿದ್ರ ನಾವು ಮನಿ ಹಾರಿಹೋಗೂವಂಗ ಬೈತೇವಿ, ಹೌದಿಲ್ಲರಿ? ಒಂದು ಎಂಜಲ ಚಮಚಕ್ಕ ಇಡೀ ಭರಣಿ ಕೆಡತೈತಿ ಅಂತ ನಮಗ ಗೊತ್ತು. ಹಚ್ಚಿ ಬಣ್ಣದ ಬಟ್ಟಲಾನೂ ಒಂದು ಭರಣಿನ. ಚುಚ್ಚಿದ ಸೂಜಿ ತಿರುಗಿ ಅದರಾಗ ಅದ್ದಿದ ಕೂಡ್ಲೆ ಬಟ್ಟಲಾ ಎಂಜಲಾತು. ಇದು ರಕ್ತದ ಎಂಜಲ. ಈ ಒಂದು ಮಾತು ನೆನಪಿಟ್ಟಕೊಂಡ್ರ ಮುಂದಿನ ಇತಿಹಾಸ ಎಲ್ಲಾ ಸಲೀಸ ತಿಳೀತೈತಿ.

1891ರ ಡಿಸೆಂಬರದಾಗ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ಅನ್ನಾಂವ ಕರೆಂಟಿನ ಹಚ್ಚಿ ಮಷಿನ್ನಿಗೆ ಪೇಟೆಂಟ್ ತಗೊಂಡ. ಬಲ್ಬಿನ ಎಡಿಸನ್ ಇದ್ನಲ್ಲ, ಅಂವ 1876ರಾಗ ಕಾಗದಕ್ಕ ತೂತು ಹಾಕಿ ಪ್ರತಿ ತಗಿಯೂ ಒಂದು ಕರೆಂಟಿನ ಪೆನ್ನು ಮಾಡಿದ್ದ. ಅದ ನಮೂನಿ ಯಂತ್ರನ್ನ ಓರೈಲಿ ತೊಗಲಿಗೆ ತಿರುಗಿಸಿದ. ಕೈಲೆ ತಾಸುಗಟ್ಟಲೆ ಹಿಡೀತಿದ್ದ ಕೆಲಸ ನಿಮಿಷಕ್ಕ ಬಂತು. ದಿನಕ್ಕ ಇಬ್ಬರಿಗೆ ಹಾಕ್ತಿದ್ದಾಂವ ಹತ್ತಿಪ್ಪತ್ತು ಮಂದಿಗೆ ಹಾಕಾಕ ಸುರು ಮಾಡಿದ. ಸೂಜಿ ಓಡೂ ವೇಗ ಹೆಚ್ಚಾತು, ಸೂಜಿ ತೊಳಿಯೂ ವೇಗ ಹೆಚ್ಚಾಗಲಿಲ್ಲ. ಮಷಿನ್ನಿನ ಕೊಳವಿ ಒಳಗ ರಕ್ತ, ಬಣ್ಣ ಹೊಕ್ಕು ಕುಂದ್ರತಿತ್ತು, ಅದನ್ನ ತೊಳಿಯೂದು ಇನ್ನೂ ಕಷ್ಟ. ಹಳೇ ಅಂಗಡಿಯೊಳಗ ಒಂದು ಬಕೀಟು ನೀರು, ಒಂದು ಸ್ಪಂಜು ಇಡ್ತಿದ್ರು. ಬಂದವರ ಮೈ ಎಲ್ಲಾ ಅದ ಸ್ಪಂಜಿನಿಂದ ಒರಸೂದು, ಅದ ಬಕೀಟಿನ್ಯಾಗ ಹಿಂಡೂದು.

ಆ ಕಾಲದ ದೊಡ್ಡ ಹಚ್ಚಿಗಾರ ಚಾರ್ಲಿ ವ್ಯಾಗ್ನರ್ ಅಂತ, ನ್ಯೂಯಾರ್ಕಿನ ಚಾಥಮ್ ಚೌಕದಾಗ ಅವನ ಅಂಗಡಿ. 1944ರಾಗ, ಯುದ್ಧದ ಹೊತ್ತಿನ್ಯಾಗ, ಸೂಜಿ ಸರಿಯಾಗಿ ಸ್ವಚ್ಛ ಮಾಡವಲ್ಲಿ ಅಂತ ಅವನ್ನ ಕೋರ್ಟಿಗೆ ಎಳದ್ರು. ಅಂವ ಏನ ಹೇಳಿದ ಗೊತ್ತೇನ್ರಿ? ನಾ ದೇಶದ ಕೆಲಸದಾಗ ಭಾಳ ಬಿಜಿ ಇದ್ದೆ ಅಂದ. ಯಾವ ಕೆಲಸ ಅಂದ್ರ, ಮೈ ಮ್ಯಾಲ ಬರೀಮೈ ಹೆಂಗಸರ ಚಿತ್ರ ಇದ್ದ ಹುಡುಗರನ್ನ ನೌಕಾಪಡೆಗೆ ತಗೋತಿದ್ದಿಲ್ಲ. ಆ ಚಿತ್ರಗಳಿಗೆ ಅಂವ ಅರಿವಿ ತೊಡಸ್ತಿದ್ದ! ನಗೂ ಮಾತ ಖರೆ. ಆದ್ರ ಸ್ವಚ್ಛ ಮಾಡಾಕ ಪುರಸೊತ್ತಿಲ್ಲ ಅನ್ನೂ ಮಾತು ಯಾವ ಕಾಲದಾಗೂ ನಗೂ ಮಾತಲ್ಲ.

ಯಾಕಂದ್ರ ಸಿಫಿಲಿಸ್‌ಗಿಂತ ಕಳ್ಳ ರೋಗ ಒಂದು ಸೂಜಿ ಮೊನಿ ಮ್ಯಾಲ ಕುಂತಿತ್ತು. ಅದು ಕಾಮಣಿ. ಎಲ್ಲಾ ಕಾಮಣಿ ಒಂದ ಅಲ್ಲ. ಹೊಲಸು ನೀರಿನಿಂದ ಬರೂದು ಬ್ಯಾರೆ, ರಕ್ತದಿಂದ ಬರೂದು ಬ್ಯಾರೆ. ಈ ಎರಡನೇದು ಹೆಂಗ ತಿಳೀತು ಅಂದ್ರ, ಜರ್ಮನಿಯ ಬ್ರೆಮೆನ್ ಊರಾಗ ಹಡಗು ಕಟ್ಟೂ ಕೆಲಸಗಾರರಿಗೆ 1883ರಾಗ ಸಿಡುಬಿನ ಲಸಿಕಿ ಹಾಕಿದ್ರು. ಮನಿಷ್ಯಾರ ಮೈಯಾಗಿನ ರಸದಿಂದ ಮಾಡಿದ ಲಸಿಕಿ ಅದು. ಹಾಕಿಸ್ಕೊಂಡ 1,289 ಮಂದಿಯೊಳಗ 191 ಮಂದಿಗೆ ಮುಂದಿನ ತಿಂಗಳುಗಳಾಗ ಕಣ್ಣು ಹಳದಿ ಆದ್ವು. ಆ ಲಸಿಕಿ ಹಾಕಿಸ್ಕೊಳ್ಳಲಾರದವರಿಗೆ ಏನೂ ಆಗಲಿಲ್ಲ. ಲೂರ್ಮನ್ ಅನ್ನೂ ಡಾಕ್ಟರು ಇದನ್ನ ಲೆಕ್ಕ ಹಾಕಿ 1885ರಾಗ ಬರದ್ರು. 1942ರಾಗ ಅಮೆರಿಕಾದ ಸೈನಿಕರಿಗೂ ಹಂಗ ಆತು. ಹಳದಿ ಜ್ವರದ ಲಸಿಕಿಯೊಳಗ ಮನಿಷ್ಯಾರ ರಕ್ತದ ತಿಳಿ ಕೂಡಿಸಿದ್ರು, ಸುಮಾರು 50,000 ಸೈನಿಕರು ಕಾಮಣಿ ಆಗಿ ಆಸ್ಪತ್ರಿ ಸೇರಿದ್ರು.

ಇಲ್ಲಿ ಒಂದು ಸೂಕ್ಷ್ಮ ಐತಿ, ಗಮನ ಕೊಟ್ಟು ಓದ್ರಿ. ಈ ರಕ್ತದ ಕಾಮಣಿ, ಅಂದ್ರ ಹೆಪಟೈಟಿಸ್ ಬಿ, ಮೈ ಹೊಕ್ಕ ದಿನ ಗೊತ್ತಾಗೂದಿಲ್ಲ. ಒಂದು ತಿಂಗಳಿಂದ ಆರು ತಿಂಗಳ ತನಕ ಸುಮ್ನ ಇರತೈತಿ. ಕೆಲವರಿಗೆ ಕಣ್ಣು ಹಳದಿನೂ ಆಗೂದಿಲ್ಲ, ಇಪ್ಪತ್ತು ಮೂವತ್ತು ವರ್ಷ ಲಿವರಿನಾಗ ಕುಂತು ಆಮ್ಯಾಲ ಹೊರಗ ಬೀಳತೈತಿ. ಅದಕ್ಕ ನಮ್ಮ ಊರಾಗ ಕಾರ್ತೀಕದಾಗ ಕಾಮಣಿ ಆದ್ರ, ಕೆಲವು ತಿಂಗಳ ಹಿಂದ ಹಾಕಿಸ್ಕೊಂಡ ಹಚ್ಚಿಗೂ ಅದಕ್ಕೂ ಸಂಬಂಧ ಐತಿ ಅಂತ ಯಾರು ಕಲ್ಪನಾ ಮಾಡ್ಯಾರು? ಹಿರ್ಯಾರು ಹೇಳ್ತಾರ, ನಮ್ಮ ಕಾಲದಾಗ ಹಚ್ಚಿಯಿಂದ ಯಾರಿಗೂ ಏನೂ ಆಗಿಲ್ಲ ಅಂತ. ಆಗಿಲ್ಲ ಅನ್ನೂದು ಬ್ಯಾರೆ, ಆಗಿದ್ದು ಗೊತ್ತಾಗಿಲ್ಲ ಅನ್ನೂದು ಬ್ಯಾರೆ.

ನ್ಯೂಯಾರ್ಕಿನಾಗ ಗೊತ್ತಾತು. 1950ರ ದಶಕದ ಕೊನಿಗೆ ಅಲ್ಲಿನ ಸಮುದ್ರ ದಂಡಿ ಕೋನಿ ಐಲ್ಯಾಂಡಿನ ಹಚ್ಚಿ ಅಂಗಡಿಗೆ ಹೋಗಿ ಬಂದ ಹುಡುಗರಿಗೆ ಕಾಮಣಿ ಕಾಣಿಸ್ಕೊಂತು. ಆಗ ಊರಿನ ಆರೋಗ್ಯ ಇಲಾಖೆ ಮುಖ್ಯಸ್ಥಿ ಡಾಕ್ಟರ್ ಲಿಯೋನಾ ಬಾಮ್‌ಗಾರ್ಟನರ್, ಆ ಹುದ್ದೆಗೆ ಬಂದ ಮೊದಲ ಹೆಣ್ಮಗಳು. 1961ರ ನವೆಂಬರ್ 1ರಿಂದ ಇಡೀ ನ್ಯೂಯಾರ್ಕಿನಾಗ ಹಚ್ಚಿ ಹಾಕೂದು ಬಂದ್. ಕೋನಿ ಐಲ್ಯಾಂಡಿನ ಫ್ರೆಡ್ ಗ್ರಾಸ್‌ಮನ್ ಅನ್ನೂ ಹಚ್ಚಿಗಾರ ಕೋರ್ಟಿಗೆ ಹೋದ. ಸ್ವಚ್ಛ ಮಾಡೂ ನಿಯಮ ಹಾಕ್ರಿ, ಪಾಲಿಸ್ತೇವಿ, ಕಸಬನ ಬಂದ್ ಮಾಡಬ್ಯಾಡ್ರಿ ಅನ್ನೂದು ಅವನ ಕಡಿ ವಾದ. 1966ರಾಗ ಆ ರಾಜ್ಯದ ಅತೀ ಮ್ಯಾಲಿನ ಕೋರ್ಟಿನಾಗೂ ಸೋತ.

ಬಂದ್ ಅಂದ್ರ ಬಂದ್ ಆತೇನ್ರಿ? ಇಲ್ಲ. ಅಂಗಡಿ ಬಾಗಲಾ ಮುಚ್ಚಿದ್ವು, ಮನಿ ಬಾಗಲಾ ತೆರದ್ವು. ಕೆಲವರು ಊರ ಹೊರಗ ಹೋಗಿ ಅಂಗಡಿ ಹಾಕಿದ್ರು, ಉಳದವರು ತಮ್ಮ ಕೋಣ್ಯಾಗ ಪರದೆ ಎಳದು ಗುಟ್ಟಿನಾಗ ಹಾಕಿದ್ರು. ರೂತ್ ಮಾರ್ಟನ್ ಅನ್ನೂ ಚಿತ್ರಕಾರ್ತಿ 1970ರ ದಶಕದಾಗ ಹಿಂಗ ಮನ್ಯಾಗ ಕುಂತು ಹಾಕ್ತಿದ್ಲು, ಅಕಿ ಕೆಲಸಕ್ಕ ಹೆಸರೂ ಬಂತು. ಒಳ್ಳೇವರು ಗುಟ್ಟಿನಾಗೂ ಸ್ವಚ್ಛ ಇಟ್ಟಿದ್ದಾರು, ಕೆಟ್ಟವರನ್ನ ನೋಡಾಕ ಯಾವ ಇನ್‌ಸ್ಪೆಕ್ಟರೂ ಬರೂವಂಗಿಲ್ಲ. ಕದ್ದು ಮಾಡೂ ಕೆಲಸಕ್ಕ ತಪಾಸಣಿ ಎಲ್ಲಿಂದ ಬಂದೀತು? ಇದು 36 ವರ್ಷ ನಡೀತು. ಮಗಳಿಗೆ ಬರೇ ಬ್ಯಾಡ ಅಂತ ಹೇಳಿ ಬಾಗಲಾ ಹಾಕೂ ಅವ್ವಂದಿರು ಈ 36 ವರ್ಷದ ಮಾತು ಸ್ವಲ್ಪ ವಿಚಾರ ಮಾಡ್ರಿ ಅಂತ ನನ್ನ ವಿನಂತಿ.

ಈಗ ಕುಕ್ಕರಿನ ಮಾತಿಗೆ ಬರೋಣ. ನಮ್ಮ ಕುಕ್ಕರಿನ ಮುತ್ತಜ್ಜಿ 1679ರಾಗ ಲಂಡನ್ನಿನಾಗ ಹುಟ್ಟಿದ್ಲು. ದೆನಿ ಪಾಪಿನ್ ಅನ್ನೂ ಫ್ರೆಂಚ್ ಮನಿಷ್ಯಾ ಬಿಗಿ ಮುಚ್ಚಳದ ಒಂದು ಗಡಿಗಿ ಮಾಡಿ ಅಲ್ಲಿನ ರಾಯಲ್ ಸೊಸೈಟಿ ಪಂಡಿತರಿಗೆ ತೋರಿಸಿದ. ಉಗಿ ಹೊರಗ ಹೋಗಲಾರದಂಗ ಕಟ್ಟಿದ್ರ ಒಳಗಿನ ಶಾಖ ಏರಿ ಎಲುಬೂ ಮೆತ್ತಗಾಗತಾವ ಅಂತ ಅಂವ ತೋರಿಸಿದ. ಗಡಿಗಿ ಸಿಡೀಬಾರದಂತ ಮ್ಯಾಲ ಒಂದು ಭಾರದ ಕವಾಟನೂ ಇಟ್ಟ. ನಾವು ಸೀಟಿ ಅಂತೇವಲ್ಲ, ಅದರ ಪೂರ್ವಜ ಅದು. ಆಮ್ಯಾಲ 200 ವರ್ಷ ಬಿಟ್ಟು, 1879ರಾಗ, ಪ್ಯಾರಿಸ್ಸಿನ ಪಾಶ್ಚರ್ ಪ್ರಯೋಗಶಾಲಾದಾಗ ಕೆಲಸ ಮಾಡ್ತಿದ್ದ ಚಾರ್ಲ್ಸ್ ಚೇಂಬರ್‌ಲ್ಯಾಂಡ್ ಅದ ಉಗಿ ಬುದ್ಧಿ ಹಚ್ಚಿ ಕ್ರಿಮಿ ಕೊಲ್ಲೂ ಯಂತ್ರ ಮಾಡಿದ. ಅದಕ್ಕ ಆಟೋಕ್ಲೇವ್ ಅಂತಾರ.

ಯಾಕ ಬೇಕಿತ್ತು ಅಂದ್ರ, ಕುದಿಯೂ ನೀರು 100 ಡಿಗ್ರಿ ದಾಟೂದಿಲ್ಲ. ಎಷ್ಟ ಉರಿ ಹಚ್ರಿ, ನೀರು ಹಾರಿಹೋಗತೈತಿ ಹೊರತು ಶಾಖ ಏರೂದಿಲ್ಲ. ಧನುರ್ವಾಯು ತರೂವಂಥ ಕೆಲವು ಕ್ರಿಮಿ ಗಟ್ಟಿ ಸಿಪ್ಪಿ ಕಟ್ಟಿಕೊಂಡು ಬೀಜದಂಗ ಮಲಗತಾವ. ಅವು ಕುದಿಯೂ ನೀರಿಗೂ ಜಗ್ಗೂದಿಲ್ಲ. ಬಿಗಿ ಮುಚ್ಚಿ ಒಂದು ಚದರ ಇಂಚಿಗೆ 15 ಪೌಂಡ್ ಒತ್ತಡ ತಂದ್ರ ಉಗಿ ಶಾಖ 121 ಡಿಗ್ರಿಗೆ ಏರತೈತಿ. ಅಷ್ಟರಾಗ ಕನಿಷ್ಠ 15 ನಿಮಿಷ ಇಟ್ರ ಆ ಬೀಜನೂ ಸಾಯತಾವ. ತೊಗರಿಬ್ಯಾಳಿ ಬರೇ ಪಾತ್ರ್ಯಾಗ ತಾಸು ಹಿಡದ್ರ ಕುಕ್ಕರಿನಾಗ ನಾಕು ಸೀಟಿಗೆ ಬೇಯತೈತಿ, ಎರಡಕ್ಕೂ ಕಾರಣ ಒಂದ.

ಹಂಗಂತ ಮನಿ ಕುಕ್ಕರಿನಾಗ ಸೂಜಿ ಇಟ್ರ ಆತಲ್ಲ ಅನಬ್ಯಾಡ್ರೆವ್ವಾ. ಆಟೋಕ್ಲೇವ್ ಕೆಲಸಕ್ಕ ನಾಕು ಹಂತ ಅದಾವ. ಒಂದು, ಮೊದ್ಲ ತಿಕ್ಕಿ ತೊಳೀಬೇಕು. ಒಣಗಿದ ರಕ್ತದ ಕೆಳಗ ಕ್ರಿಮಿ ಬೆಚ್ಚಗ ಕುಂದ್ರತಾವ, ತಳ ಹಿಡದ ಪಾತ್ರಿ ತಿಕ್ಕಲಾರದ ಬಿಸಿನೀರು ಹಾಕಿದಂಗ ಆಗತೈತಿ. ಎರಡು, ಒಳಗಿನ ಗಾಳಿ ಎಲ್ಲಾ ಹೊರಗ ಹೋಗಿ ಬರೇ ಉಗಿ ತುಂಬಬೇಕು, ಗಾಳಿ ಉಳದಲ್ಲಿ ಶಾಖ ಏರೂದಿಲ್ಲ. ಮೂರು, ಸಾಮಾನು ಪಾಕೀಟಿನ್ಯಾಗ ಇಟ್ಟು ಬೇಯಿಸಿ, ಪಾಕೀಟು ಒಣಗಿಸಿ ಹಂಗ ತಗದಿಡಬೇಕು, ಬಿಚ್ಚಿದ ಕೂಡ್ಲೆ ಗಾಳಿಯೊಳಗಿನ ಹೊಲಸು ಹತ್ತತೈತಿ. ನಾಕು, ಯಂತ್ರ ಖರೇ ಕೆಲಸ ಮಾಡೇತೋ ಇಲ್ಲೋ ಪರೀಕ್ಷಾ ಮಾಡಬೇಕು. ಗಟ್ಟಿ ಕ್ರಿಮಿಬೀಜ ಇದ್ದ ಸಣ್ಣ ಶೀಶೆ ಒಳಗಿಟ್ಟು, ಆಮ್ಯಾಲ ಅವು ಸತ್ತಾವೋ ಇಲ್ಲೋ ನೋಡ್ತಾರ. ಪಾಕೀಟಿನ ಮ್ಯಾಲ ಬಣ್ಣ ಬದಲಾಗೂ ಒಂದು ಗುರುತೂ ಇರತೈತಿ. ಬಣ್ಣ ಬದಲಾಗಿದ್ರ ಉಗಿ ಮುಟ್ಟೇತಿ ಅಂತ ತಿಳಕೋಬೇಕು. ಅಷ್ಟರಮ್ಯಾಲ ಎಲ್ಲಾ ಕ್ರಿಮಿ ಸತ್ತಾವ ಅಂತ ನಂಬಾಕ ಬರೂದಿಲ್ಲ, ಅದನ್ನ ಶೀಶೆ ಪರೀಕ್ಷಾನ ಹೇಳಬೇಕು.

ದವಾಖಾನಿಯೊಳಗ ಬಂದ ಈ ಯಂತ್ರ ಹಚ್ಚಿ ಅಂಗಡಿಗೆ ಬರಾಕ ಭಾಳ ವರ್ಷ ಹಿಡೀತು. ಹವಾಯಿ ದ್ವೀಪದ ಹೊನೊಲುಲುದಾಗ ನಾವಿಕರಿಗೆ ಹಚ್ಚಿ ಹಾಕ್ತಿದ್ದ ನಾರ್ಮನ್ ಕಾಲಿನ್ಸ್, ಎಲ್ಲಾರೂ ಸೇಲರ್ ಜೆರ್ರಿ ಅಂತ ಕರೀತಿದ್ರು, ಅಂವ ಆಟೋಕ್ಲೇವ್ ಮತ್ತ ಒಬ್ಬರಿಗೊಂದ ಸೂಜಿ ಅನ್ನೂ ಪದ್ಧತಿ ಹಿಡದ ಮೊದಲಿಗರೊಳಗ ಒಬ್ಬ. ಸ್ಯಾನ್ ಫ್ರಾನ್ಸಿಸ್ಕೋದ ಲೈಲ್ ಟಟಲ್ ಅನ್ನಾಂವನೂ ಸ್ವಚ್ಛತಾದ ಬಗ್ಗೆ ಕಸಬಿನವರಿಗೆ ಹೇಳಿ ಹೇಳಿ ದಣದ. ನೋಡ್ರಿ, ಕಸಬಿನ ಒಳಗಿನವರ ಮುಂದ ಬಂದು ಮಾಡಿದ್ದಿದು.

ಅಷ್ಟರಾಗ ವಿಜ್ಞಾನನೂ ಮುಂದ ಬಂತು. 1965ರಾಗ ಬರೂಚ್ ಬ್ಲಂಬರ್ಗ್ ಮತ್ತ ಅವರ ಜೋಡಿಯವರು ರಕ್ತದಾಗ ಒಂದು ಹೊಸ ವಸ್ತು ಕಂಡಿದ್ದನ್ನ ಪ್ರಕಟ ಮಾಡಿದ್ರು. ಅದು ಹೆಪಟೈಟಿಸ್ ಬಿ ವೈರಸ್ಸಿನ ಗುರುತು ಅಂತ ಆಮ್ಯಾಲ ತಿಳೀತು. 1976ರಾಗ ಅವ್ರಿಗೆ ನೊಬೆಲ್ ಬಂತು. 1981ರಾಗ ಲಸಿಕಿ ಬಂತು. ಈ ವೈರಸ್ ಒಣಗಿದ ರಕ್ತದಾಗೂ ಕನಿಷ್ಠ ಏಳು ದಿನ ಜೀವ ಹಿಡದಿರತೈತಿ ಅಂತಾನೂ ತಿಳೀತು. ಸೂಜಿ ಒಣಗೇತಿ, ಏನೂ ಆಗೂದಿಲ್ಲ ಅನ್ನೂವಂಗಿಲ್ಲ. 1989ರಾಗ ಅದರ ತಂಗಿ ಹೆಪಟೈಟಿಸ್ ಸಿ ಸಿಕ್ತು, ಅದಕ್ಕ ಇವತ್ತಿನ ತನಕ ಲಸಿಕಿ ಇಲ್ಲ.

ನಡುವ ಏಡ್ಸ್ ಬಂತು. 1986ರಾಗ ನಮ್ಮ ದೇಶದ ಮೊದಲ ಎಚ್‌ಐವಿ ಪ್ರಕರಣ ಚೆನ್ನೈದಾಗ ಗೊತ್ತಾತು. ಅದನ್ನ ಹುಡುಕಿ ತಗದವರು ಇಬ್ಬರು ಹೆಣ್ಮಕ್ಕಳು: ಡಾಕ್ಟರ್ ಸುನೀತಿ ಸೊಲೊಮನ್, ಮತ್ತ ಅವರ ಕೈಯಾಗ ಕಲೀತಿದ್ದ ಸೆಲ್ಲಪ್ಪನ್ ನಿರ್ಮಲಾ. ಏಡ್ಸಿನ ಹೆದರಿಕಿ ಬಂದ ಮ್ಯಾಲ ಜಗತ್ತಿನ ಡಾಕ್ಟರು ಒಂದು ಹೊಸ ನಿಯಮ ಹಿಡದ್ರು: ಎದುರಿಗೆ ಕುಂತವರು ಯಾರ ಇರಲಿ, ಎಲ್ಲಾರ ರಕ್ತದಾಗೂ ರೋಗ ಇರಬಹುದು ಅಂತ ತಿಳದು ಕೆಲಸ ಮಾಡಬೇಕು. ಇದರಾಗ ಒಂದು ದೊಡ್ಡ ಮಾತೈತಿ. ಇಂಥಾ ಜಾತಿ ಹೊಲಸು, ಇಂಥಾ ಮನಿತನ ಸ್ವಚ್ಛ ಅನ್ನೂ ಲೆಕ್ಕಕ್ಕ ಅಲ್ಲಿ ಜಾಗಾನ ಇಲ್ಲ. ಸಾವಕಾರರ ಮಗಳ ರಕ್ತನೂ ಒಂದ, ಕೊರವಂಜಿ ರಕ್ತನೂ ಒಂದ. 1991ರಾಗ ಅಮೆರಿಕಾದಾಗ ರಕ್ತ ಮುಟ್ಟೂ ಕೆಲಸದವರಿಗೆ ಇದ ಕಾಯ್ದೆ ಆತು. ಗ್ಲೌಸು, ಸೂಜಿ ಹಾಕೂ ಗಟ್ಟಿ ಡಬ್ಬಿ, ತರಬೇತಿ ಎಲ್ಲಾ ಬಂದ್ವು.

ನ್ಯೂಯಾರ್ಕ್ 1997ರಾಗ ಬಂದ್ ತಗೀತು. ಕಾಯ್ದೆ ತಗೀಬೇಕು ಅಂತ ನಗರಸಭಾದಾಗ ಮಸೂದೆ ತಂದಾಕಿ ಕ್ಯಾಥ್ರಿನ್ ಫ್ರೀಡ್, ಅಕಿನೂ ಹೆಣ್ಮಗಳು. ಈಗ ಅಲ್ಲಿ ಹಚ್ಚಿ ಹಾಕಾಂವ ಸೋಂಕು ತಡಿಯೂ ಪಾಠ ಓದಿ ಲೈಸೆನ್ಸ್ ತಗೋಬೇಕು. 36 ವರ್ಷ ಬಂದ್ ಮಾಡಿ ಕಲತಿದ್ದು, ಗ್ರಾಸ್‌ಮನ್ ಕೋರ್ಟಿನಾಗ ಮೊದ್ಲ ಕೇಳಿದ್ದು, ಎರಡೂ ಹೆಚ್ಚು ಕಡಿಮಿ ಒಂದ ಆದ್ವು ನೋಡ್ರಿ.

ನಮ್ಮ ಕಡೆ ಏನೈತಿ ಅಂದ್ರ, ದೊಡ್ಡ ಊರಾಗ ಗಾಜಿನ ಬಾಗಲದ ಸ್ಟುಡಿಯೋ ಅದಾವ, ಜಾತ್ರ್ಯಾಗ ಬ್ಯಾಟರಿ ಮಷಿನ್ ಹಿಡದು ಕುಂತವರೂ ಅದಾರ. ಜಾತ್ರ್ಯಾಗ ಐವತ್ತು ನೂರು ರೂಪಾಯಿಗೆ ಹೆಸರು ಹಾಕ್ತಾರ. ನಾನ ಕಣ್ಣಾರೆ ನೋಡೇನಿ, ಒಂದ ಸೂಜಿ, ಒಂದ ಶೀಶೆ, ಒಂದು ಅರಿವಿ ತುಂಡು. ಹುಡುಗ್ಯಾರು ಸಾಲು ಹಚ್ಚಿ ನಿಂತಿದ್ರು. ಆ ಮನಿಷ್ಯಾನ್ನ ಬೈದ್ರ ಏನ ಬಂತು? ನೂರು ರೂಪಾಯಿಗೆ ಹೊಸ ಸೂಜಿ, ಹೊಸ ಬಣ್ಣ, ಗ್ಲೌಸು ಕೊಟ್ರ ಅವನ ಹೊಟ್ಟಿಗೆ ಏನ ಉಳೀತೈತಿ? ಸ್ವಚ್ಛತಾಕ್ಕ ರೊಕ್ಕ ಬೇಕು, ಆ ರೊಕ್ಕ ಕೊಡಾಕ ನಾವು ತಯಾರಿಲ್ಲ, ಅದಕ್ಕ ಅಗ್ಗದ ಕಡೆ ಓಡತೇವಿ.

ಬಣ್ಣದ್ದೂ ಒಂದು ಮಾತೈತಿ. 2025ರ ಫೆಬ್ರವರಿಯೊಳಗ ನಮ್ಮ ರಾಜ್ಯದ ಆರೋಗ್ಯ ಮಂತ್ರಿ ದಿನೇಶ್ ಗುಂಡೂರಾವ್ ಅವರು, ಪರೀಕ್ಷಾ ಮಾಡಿದ ಟ್ಯಾಟೂ ಬಣ್ಣದಾಗ 22 ನಮೂನಿ ಲೋಹ ಸಿಕ್ಕಾವ, ಇದಕ್ಕ ಗುಣಮಟ್ಟದ ನಿಯಮ ಮಾಡ್ರಿ ಅಂತ ಕೇಂದ್ರಕ್ಕ ಬರೀತೇವಿ ಅಂತ ಹೇಳಿದ್ರು. ಸೂಜಿ ಎಷ್ಟ ಸ್ವಚ್ಛ ಇದ್ರೂ ಶೀಶೆ ಒಳಗ ಏನೈತಿ ಅಂತ ನೋಡೂದು ಸರ್ಕಾರದ ಕೆಲಸ, ನಮ್ಮ ಕಣ್ಣಿಗೆ ಕಾಣೂವಂಥದ್ದಲ್ಲ.

ನಮ್ಮ ತಂಗಿ ಮಗಳು ಬೆಂಗಳೂರಾಗ ನೌಕರಿ ಮಾಡ್ತಾಳ. ನಮ್ಮಜ್ಜಿ ಹೋದ ಮ್ಯಾಲ, ಅಜ್ಜಿ ಮುಂಗೈ ಮ್ಯಾಲಿನ ತುಳಸಿ ಕಟ್ಟಿ ನನ್ನ ಕೈ ಮ್ಯಾಲೂ ಇರಲಿ ಅಂತ ಹಟ ಹಿಡದ್ಲು. ಅಜ್ಜಿ ಕೈ ಫೋಟೋ ಒಂದು ಇತ್ತು. ತಂಗಿ ಅತ್ತು ಕರದು ಮಾಡಿದ್ಲು. ಕಡೀಗೆ ನಾ ಅಂದೆ, ಬ್ಯಾಡ ಅಂದ್ರ ಎಲ್ಲ್ಯರ ಕದ್ದು ಹಾಕಿಸ್ಕೋತಾಳ, ಬಾ ಕೂಸ, ನಾನ ಜೋಡಿ ಬರ್ತೇನಿ ಅಂತ. ಮೊದಲನೇ ಸ್ಟುಡಿಯೋದಾಗ, ಆಟೋಕ್ಲೇವ್ ಐತೇನ್ರಿ ಅಂತ ಕೇಳಿದೆ. ಹುಡುಗ ನಕ್ಕ, ಆಂಟಿ ನಾವು ಸ್ಪಿರಿಟ್ ಹಚ್ತೇವಿ ಅಂದ. ಎದ್ದು ಬಂದ್ವಿ. ಎರಡನೇದರಾಗ ಒಬ್ಬ ಹೆಣ್ಮಗಳಿದ್ಲು. ನಾ ಕೇಳೂಕಿಂತ ಮೊದ್ಲ ಅಕಿನ ಪಾಕೀಟು ತೋರಿಸಿ, ದಿನಾಂಕ ಓದ್ರಿ ಅಂದ್ಲು, ನಮ್ಮ ಮುಂದ ಬಿಚ್ಚಿದ್ಲು. ಬಣ್ಣನ್ನ ಕುಂಕುಮದ ಬಟ್ಟಲದಷ್ಟ ಸಣ್ಣ ಕಪ್ಪಿನಾಗ ಬೇಕಾದಷ್ಟ ಹಾಕಿ, ಉಳದದ್ದು ಚೆಲ್ಲಿದ್ಲು. ಉಳದ ಬಣ್ಣ ಶೀಶೆಗೆ ತಿರುಗಿ ಹಾಕೂದಿಲ್ಲೇನವ್ವಾ ಅಂದೆ. ಎಂಜಲಾತಲ್ರಿ ಅಂದ್ಲು. ಆ ಮಾತಿಗೆ ನನಗ ಧೈರ್ಯ ಬಂತು. ಈಗ ತಂಗಿ ಮಗಳ ಮುಂಗೈ ಮ್ಯಾಲ ಅಜ್ಜಿ ತುಳಸಿ ಕಟ್ಟಿ ಐತಿ. ತಂಗಿ ನೋಡಿದಾಗೊಮ್ಮೆ ಬೈತಾಳ, ಬೈದಾಕಿ ಅದರ ಮ್ಯಾಲ ಕೈ ಆಡಸ್ತಾಳ.

ನಿಮ್ಮ ಮನಿ ಹುಡುಗ್ಯಾರು ಹೋಗೂದಿದ್ರ ಇಷ್ಟ ನೋಡಾಕ ಹೇಳ್ರಿ. ಸೂಜಿ ಒಬ್ಬರಿಗೊಂದ, ಪಾಕೀಟು ನಮ್ಮ ಕಣ್ಣ ಮುಂದ ಬಿಚ್ಚಬೇಕು, ಮ್ಯಾಲಿನ ತಾರೀಖು ದಾಟಿರಬಾರದು. ಬಣ್ಣ ಸಣ್ಣ ಕಪ್ಪಿನಾಗ ಬ್ಯಾರೆ ಹಾಕಬೇಕು. ಕೈ ತೊಳದು ಹೊಸ ಗ್ಲೌಸು ಹಾಕೋಬೇಕು, ಅದ ಗ್ಲೌಸಿನಿಂದ ಮೊಬೈಲ್ ಮುಟ್ಟಿದ್ರ ಬದಲಿ ಮಾಡಬೇಕು. ತಿರುಗಿ ಬಳಸೂ ಸಾಮಾನಿದ್ರ ಆಟೋಕ್ಲೇವ್ ಇರಬೇಕು, ಸ್ಪಿರಿಟ್ಟಿನ್ಯಾಗ ಅದ್ದಿದ್ರ ಸಾಲೂದಿಲ್ಲ. ಬಳಸಿದ ಸೂಜಿ ಗಟ್ಟಿ ಡಬ್ಬಿಗೆ ಬೀಳಬೇಕು, ಕಸದ ಚೀಲಕ್ಕಲ್ಲ. ಆ ಚೀಲ ಎತ್ತೂ ಪೌರಕಾರ್ಮಿಕ ಹೆಣ್ಮಗಳ ಕೈಗೂ ಒಂದು ಜೀವ ಐತಿ. ಹೆಪಟೈಟಿಸ್ ಬಿ ಲಸಿಕಿ ಆಗೇತೇನ ಅಂತನೂ ಕೇಳ್ರಿ. ಸರ್ಕಾರಿ ಲಸಿಕಿಯೊಳಗ ಅದು 2002ರ ಹೊತ್ತಿಗೆ ಕೆಲವು ಕಡೆ ಸುರುವಾಗಿ 2011ರ ಸುಮಾರಿಗೆ ದೇಶದ ತುಂಬ ಬಂತು. ಅದಕ್ಕಿಂತ ಮೊದ್ಲ ಹುಟ್ಟಿದವರು ಡಾಕ್ಟರನ್ನ ಕೇಳಿ ಹಾಕಿಸ್ಕೊಳ್ಳೂದು ಚಲೋ. ಹಚ್ಚಿ ಹಾಕಿಸ್ಕೊಂಡ ಮ್ಯಾಲ ಒಂದು ವರ್ಷ ರಕ್ತದಾನ ಮಾಡೂವಂಗಿಲ್ಲ, ಅದೂ ಈ ಕಾರಣಕ್ಕ.

ಹಚ್ಚಿ ಒಂದಕ್ಕ ಅಷ್ಟ ಅಲ್ಲ ಮತ್ತ. ಮೊಮ್ಮಕ್ಕಳ ಕಿವಿ ಚುಚ್ಚಿಸೂವಾಗ, ಮೂಗು ಚುಚ್ಚಿಸೂವಾಗಲೂ ಇದ ಪ್ರಶ್ನಿ ಕೇಳ್ರಿ. ಅಂಗಡಿಯೊಳಗ ಪಿಸ್ತೂಲಿನಂಗ ಒತ್ತೂ ಯಂತ್ರ ಇರತೈತಲ್ಲ, ಅದರ ಪ್ಲಾಸ್ಟಿಕ್ ಭಾಗ ಆಟೋಕ್ಲೇವಿನಾಗ ಇಡಾಕ ಬರೂದಿಲ್ಲ. ಅಕ್ಕಸಾಲಿಗರ ಹತ್ರ ಹೋದ್ರ ತಂತಿ, ಸೂಜಿ ಹೊಸಾವ ಅದಾವೇನ ಅಂತ ಬಾಯಿ ಬಿಟ್ಟು ಕೇಳ್ರಿ. ಕೇಳಿದ್ರ ಅವ್ರು ಸಿಟ್ಟಾಗೂದಿಲ್ಲ. ಸಿಟ್ಟಾದ್ರ ಬ್ಯಾರೆ ಕಡೆ ಹೋಗ್ರಿ.

ಯಾರ್ಯಾರ ಅಜ್ಜಿ, ಆಯಿ ಕೈ ಮ್ಯಾಲ ಯಾವ್ಯಾವ ಹಚ್ಚಿ ಇದ್ವು, ಅದಕ್ಕ ನಿಮ್ಮ ಕಡೆ ಏನ ಹೆಸರು, ಬಣ್ಣಕ್ಕ ಏನ ಹಾಕ್ತಿದ್ರು, ನೆನಪಿದ್ದಷ್ಟು ಬರದು ಕಳಸ್ರಿ. ಕೊರವಂಜಿಯಾರ ಕೈಯಾಗಿನ ಆ ಚಿತ್ರಗಳು ಕೈ ಸುಟ್ಟಾಗ ಅದರ ಜೋಡಿನ ಸುಟ್ಟು ಹೋಗಾಕ ಹತ್ಯಾವ. ಚಿತ್ರ ಉಳಿಸೋಣ, ಹಳೇ ಸೂಜಿ ಬಿಡೋಣ. ಮುಂದಿನ ಸಲ ಮುಂಗಾರಿನ ಹಪ್ಪಳದ ಮಾತು ಬರೀತೇನಿ. ಬರ್ತೇನ್ರಿ.